ಗುಲಾಬಿ ದಾಳ

ಗ್ರಿಮ್ಸ್‌ಬಿ ಬಂದರಿನ ಹಿಂದಣ ಬೀದಿ,
ಗಡಿಯಾರ ರಿಪೇರಿಯವನ ಕೆಳಗಿನ ನೆಲಮಾಳಿಗೆ,
ಅದು ನನ್ನ ಅಂಗಡಿ.
ಕಾಗದ, ಪೆನ್ಸಿಲು, ದಾಳ, ಡ್ರ್ಯಾಗನ್ನು.
ಆರು ವರ್ಷ, ಗುರುವಾರ ಗುರುವಾರ,
ಅದೇ ಏಳು ಗಂಡಸರು, ಅದೇ ಗವಿ,
ಅದೇ ಕಾಲುಚೀಲದ ವಾಸನೆ.

ಎಂಬತ್ತಾರರಲ್ಲಿ ಕಂಪನಿಯಿಂದ ಪತ್ರ ಬಂತು:
ಹೆಂಗಸರನ್ನು ಸೆಳೆಯಿರಿ, ಅರ್ಧ ಮಾರುಕಟ್ಟೆ ಅವರೇ.
ಜೊತೆಗೊಂದು ಡಬ್ಬಿ. ಗುಲಾಬಿ ದಾಳ, ನಾಲ್ಕು ಡಜನ್ನು,
ಬೆಳಕಿಗೆ ಹಿಡಿದರೆ ಒಳಗೆ ಮಿನುಗುಪುಡಿ.
ಒಂದು ಪೋಸ್ಟರು: ಕತ್ತಿ ಹಿರಿದ ವೀರಾಂಗನೆ.
ಎದೆಗೆ ಉಕ್ಕಿನ ಎರಡು ಬಟ್ಟಲು ಕೊಟ್ಟು
ಹೊಟ್ಟೆಯನ್ನು ಶತ್ರುವಿನ ದಯೆಗೆ ಬಿಟ್ಟಿದ್ದರು.

ನಾನೂ ಕೈಲಾದದ್ದು ಮಾಡಿದೆ.
ಮೇಜಿಗೆ ಲೇಸಿನ ಹೊದಿಕೆ, ಅಮ್ಮನದು.
ಬಾಗಿಲಿಗೆ ಚೀಟಿ: ಮಹಿಳೆಯರಿಗೆ ಅರ್ಧ ಬೆಲೆ.
ಹೊಸ ಕತೆಯೊಂದನ್ನು ಹೊಸೆದೆ,
ರಾಜಕುಮಾರಿಯ ಮದುವೆ, ಕಳೆದ ಉಂಗುರ, ಮಾತಾಡುವ ಬೆಕ್ಕು.
ಮೂರು ಗುರುವಾರ ಯಾರೂ ಬರಲಿಲ್ಲ.
ಲೇಸಿನ ಮೇಲೆ ನೆವಿಲ್ ಬಿಯರು ಚೆಲ್ಲಿದ.

ನಾಲ್ಕನೆಯದಕ್ಕೆ ಥೆಲ್ಮಾ ಬಂದಳು,
ಮೀನು ಕಾರ್ಖಾನೆಯ ಪಾಳಿ ಮುಗಿಸಿ, ರಬ್ಬರ್ ಬೂಟಿನಲ್ಲೇ.
ನಿಂಬೆ ತಿಕ್ಕಿ ತೊಳೆದರೂ ಬಿಡದ ನಾತ ಕೈಗೆ.
ಹಿಂದೆ ತಂಗಿಯ ಮಗಳು ರೊವೀನಾ,
ಹದಿನೈದರವಳು, ಉಗುರು ಕಚ್ಚುವವಳು.
"ಇವಳಿಗೆ ಆಡಬೇಕಂತೆ. ಒಬ್ಬಳೇ ಬರೋಕಾಗಲ್ಲವಂತೆ.
ಮೆಟ್ಟಿಲ ಮೇಲೆ ಒಂದು ಬಲ್ಬೂ ಇಲ್ಲವಲ್ಲ ನಿಮ್ಮಲ್ಲಿ?"

ಪಾತ್ರ ಕಟ್ಟಬೇಕಲ್ಲ, ದಾಳ ಕೊಟ್ಟೆ. ಗುಲಾಬಿಯದೇ.
ಮೀನಿನ ಕಣ್ಣನ್ನು ನೋಡುವಂತೆ ನೋಡಿದಳು,
ಇವತ್ತಿನದೋ, ಮೊನ್ನೆಯದೋ.
ಎಸೆದಳು.
ಮೂರು ದಾಳ, ಮೂರೂ ಆರು.
ಆ ಮೇಜು ಕಂಡಿರದ ಗರ!
"ಬಲಕ್ಕೆ ಬರೆದುಕೋ," ಅಂದಳು, "ಹದಿನೆಂಟು."

ನೆವಿಲ್ ನಿಯಮದ ಪುಸ್ತಕ ಬಿಚ್ಚಿದ, ಬೆರಳಿಟ್ಟ:
ಹೆಣ್ಣು ಪಾತ್ರದ ಬಲವು ಹದಿನಾಲ್ಕನ್ನು ಮೀರತಕ್ಕದ್ದಲ್ಲ.

ಥೆಲ್ಮಾ ಕೂಗಾಡಲಿಲ್ಲ.
"ಒಂದು ಪೆಟ್ಟಿಗೆ ಕಾಡ್ ಮೀನು ಎಷ್ಟು ತೂಗುತ್ತೆ, ಗೊತ್ತಾ?"
ಯಾರಿಗೂ ಗೊತ್ತಿರಲಿಲ್ಲ. ಊರು ಉಂಡದ್ದೆಲ್ಲ ಆ ಮೀನಿನ ಅನ್ನ.
"ಹತ್ತು ಸ್ಟೋನು," ಅಂದಳು.
ಆಮೇಲೆ ನನ್ನ ಕಡೆ ತಿರುಗಿ, ಲೆಕ್ಕ ಕೇಳುವ ದನಿಯಲ್ಲಿ,
"ಸರಿ. ಮಿಕ್ಕ ನಾಲ್ಕನ್ನು ಎಲ್ಲಿಡುತ್ತೀರಿ?"

ಪುಟ ಹರಿಯುವಷ್ಟು ಧೈರ್ಯ ನನಗಿರಲಿಲ್ಲ.
ಬಿಯರಿನ ಮಗ್ಗು ಎತ್ತಿ ಆ ಸಾಲಿನ ಮೇಲಿಟ್ಟೆ.
ದುಂಡನೆಯ ಕಲೆ ಇವತ್ತಿಗೂ ಇದೆ.

ಆಟ ಹೊರಟಿತು. ಕೋಟೆಯ ಬಾಗಿಲು, ಒಬ್ಬ ಕಾವಲುಗಾರ.
ಒಂದು ಗಂಟೆಯಾದರೂ ರೊವೀನಾ ತುಟಿ ಎರಡು ಮಾಡಿಲ್ಲ.
"ನೀನೇನು ಮಾಡುತ್ತೀಯ?" ಕೇಳಿದೆ.
"ಅವಳು ಆ ಬೆಕ್ಕನ್ನ..." ನೆವಿಲ್ ಶುರುಮಾಡಿದ.
ಥೆಲ್ಮಾ ಮೇಜಿನ ಮೇಲೆ ಅಂಗೈ ಊರಿದಳು, ಅಷ್ಟೆ.
ಕಾದೆವು.
ಮಾಳಿಗೆಯ ಗಡಿಯಾರಗಳು ಒಂಬತ್ತು ಹೊಡೆದವು,
ಒಂದಾದ ಮೇಲೊಂದು, ಒಂದಕ್ಕೊಂದು ಒಪ್ಪದೆ.
ಅಷ್ಟು ಹೊತ್ತು ಯಾರಿಗೂ ನಾವು ಕಾದದ್ದಿಲ್ಲ.

ಉಗುರು ಬಾಯಿಂದ ತೆಗೆದು, ಸಣ್ಣಗೆ ಅಂದಳು:
"ಹಿಂದಿನಿಂದ ಹೋಗಿ ಅವನ ಕತ್ತು ಕುಯ್ಯುತ್ತೇನೆ."

ಮದುವೆಯೂ ಇಲ್ಲ, ಉಂಗುರವೂ ಇಲ್ಲ.
ಬೆಕ್ಕನ್ನು ಯಾರೂ ಮಾತಾಡಿಸಲಿಲ್ಲ.
ಥೆಲ್ಮಾ ಸಂತೆಬೀದಿಯಲ್ಲಿ ಹಗ್ಗಕ್ಕೆ, ಎಣ್ಣೆಗೆ ಚೌಕಾಸಿ ಮಾಡಿದಳು,
ಸತ್ತ ಕಾವಲುಗಾರನ ಸಂಬಳ ಎಷ್ಟಿತ್ತೆಂದು ವಿಚಾರಿಸಿದಳು.
ಹದಿನೆಂಟನ್ನು ಅವಳು ಒಮ್ಮೆಯೂ ಬಳಸಲಿಲ್ಲ,
ಆ ರಾತ್ರಿಯೂ ಇಲ್ಲ, ಮುಂದಿನ ಹನ್ನೊಂದು ವರ್ಷವೂ.
ಇದ್ದರೆ ಸಾಕಂತೆ.

ಕಂಪನಿಯವರು ಮತ್ತೆ ಬರೆದರು:
ಯಾವುದು ಸೆಳೆಯಿತು? ಗುರುತು ಹಾಕಿ.
ಬಣ್ಣ. ಪ್ರೇಮಕಥೆ. ಮುದ್ದು ಪ್ರಾಣಿ.
ಅಂಚಿನಲ್ಲಿ ಜಾಗ ಮಾಡಿಕೊಂಡು ಬರೆದೆ:
ಮೆಟ್ಟಿಲಿಗೆ ಬಲ್ಬು. ಕಕ್ಕಸಿಗೆ ಚಿಲಕ.
ಇನ್ನೊಂದನ್ನು ಬರೆಯಹೋದೆ, ಕಾದದ್ದು,
ಏನೆಂದು ಬರೆಯುವುದು ತಿಳಿಯದೆ ಅಂಟಿಸಿ ಕಳಿಸಿದೆ.

ಗುಲಾಬಿ ದಾಳ ಈಗ ನೆವಿಲ್‌ನ ಜೇಬಿನಲ್ಲಿವೆ.
ಅದೃಷ್ಟದವಂತೆ.
ಯಾರಿಗೂ ಮುಟ್ಟಗೊಡುವುದಿಲ್ಲ.